ಮನೆ ಲೆಕ್ಕಕ್ಕೆ, ಐಟಿ ರಿಟರ್ನ್‌ಗೆ ಯಾವ ಸಾಫ್ಟ್‌ವೇರ್? ದುಡ್ಡು ಕೊಡಬೇಕಾ, ಸರ್ಕಾರದ್ದೇ ಸಾಕಾ?

ಜಯನಗರದವಳು (26 ಜುಲೈ 2025)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ರಿಟರ್ನ್‌ಗಳನ್ನು ಇಷ್ಟು ವರ್ಷ ಒಬ್ಬ ಏಜೆಂಟ್ ಮಾಡಿಕೊಡುತ್ತಿದ್ದರು. ಈ ಸಲ ನಾನೇ ಮಾಡೋಣ ಅಂತಿದ್ದೇನೆ. ಗಡುವು ಸೆಪ್ಟೆಂಬರ್ 15ಕ್ಕೆ ಹೋಗಿದೆ, ಹಾಗಾಗಿ ಕಲಿಯಲು ಸಮಯವೂ ಇದೆ.

ನನ್ನದು ಸಂಬಳ, ಜೊತೆಗೆ ಕಂಪನಿಯ ಅಮೆರಿಕದ ಷೇರು (ಆರ್‌ಎಸ್‌ಯು) ಸ್ವಲ್ಪ ಬರುತ್ತದೆ. ಯಜಮಾನರು ಕಾಲೇಜಿನಲ್ಲಿ ಲೆಕ್ಚರರ್, ಕಳೆದ ವರ್ಷ ಒಂದಷ್ಟು ಮ್ಯೂಚುವಲ್ ಫಂಡ್ ಮಾರಿದ್ದಾರೆ. ಅತ್ತೆಗೆ ಫ್ಯಾಮಿಲಿ ಪೆನ್ಷನ್ ಮತ್ತು ಎಫ್‌ಡಿ ಬಡ್ಡಿ. ಮೂರನ್ನೂ ನಾನೇ ನೋಡಿಕೊಳ್ಳಬೇಕು.

ಇದರ ಜೊತೆಗೆ ಮನೆ ಖರ್ಚಿನ ಲೆಕ್ಕಕ್ಕೂ ಏನಾದರೂ ಬೇಕು. ಈಗ ಎಕ್ಸೆಲ್ ಶೀಟ್ ಇದೆ, ಅದನ್ನು ಯಾರೂ ತುಂಬುವುದಿಲ್ಲ. ಇನ್ನೊಂದು ವಿಷಯ, ಮನೆಯ ಲ್ಯಾಪ್‌ಟಾಪ್‌ನಲ್ಲಿ ಉಬುಂಟು (ಲಿನಕ್ಸ್), ವಿಂಡೋಸ್ ಇಲ್ಲ. ಆಫೀಸಿನದರಲ್ಲಿ ನಮ್ಮಿಷ್ಟದ್ದು ಏನನ್ನೂ ಹಾಕಲು ಬಿಡುವುದಿಲ್ಲ.

ಎರಡಕ್ಕೂ ಸೇರಿ ಒಂದೇ ಸಾಫ್ಟ್‌ವೇರ್ ಸಿಗುತ್ತದಾ?

ರಾಜಾಜಿನಗರ ಬಾಯ್

ರಿಟರ್ನ್ ಹಾಕಿಕೊಡುವ ಖಾಸಗಿ ಸೈಟುಗಳಿವೆ, ಕ್ಲಿಯರ್‌ಟ್ಯಾಕ್ಸ್ ಅಥವಾ ಕ್ವಿಕೋ. ಫಾರ್ಮ್ 16 (ಆಫೀಸಿನವರು ಕೊಡುವ ಸಂಬಳ, ತೆರಿಗೆಯ ಸರ್ಟಿಫಿಕೇಟ್) ಹಾಕಿ, ದುಡ್ಡು ಕೊಟ್ಟು, ಮುಗಿಸಿ. ಒಂದು ಭಾನುವಾರ ಉಳಿಯುತ್ತದೆ.

ಕುಡ್ಲ ಸಿಎ

ಮೇಡಂ, ಎರಡಕ್ಕೂ ಒಂದೇ ಅನ್ನುವುದು ನಮ್ಮಲ್ಲಿ ಇಲ್ಲ. ಹುಡುಕಬೇಡಿ. ಮನೆ ಲೆಕ್ಕ ಬೇರೆ, ರಿಟರ್ನ್ ಬೇರೆ. ರಿಟರ್ನ್ ವಿಷಯದಲ್ಲಿ ಮೊದಲು ಯಾವ ಫಾರ್ಮ್ ಅಂತ ಗೊತ್ತಾಗಬೇಕು. ಸಾಫ್ಟ್‌ವೇರ್ ಪ್ರಶ್ನೆ ಆಮೇಲೆ.

ಸಂಬಳ, ಪೆನ್ಷನ್, ಬಡ್ಡಿಯಂಥ ಸರಳ ಆದಾಯದ ಫಾರ್ಮ್ ಐಟಿಆರ್-1. ನಿಮಗೆ ಐಟಿಆರ್-2, ಅದರಲ್ಲಿ ಬೇರೆ ಮಾತಿಲ್ಲ. ವಿದೇಶಿ ಷೇರು ಒಂದೇ ಒಂದು ಇದ್ದರೂ ಐಟಿಆರ್-1 ಬರುವುದಿಲ್ಲ. ನೀವು ಮಾರಿರದಿದ್ದರೂ ಶೆಡ್ಯೂಲ್ ಎಫ್‌ಎ (ವಿದೇಶಿ ಆಸ್ತಿಯ ಪಟ್ಟಿ) ತುಂಬಬೇಕು. ಯಜಮಾನರದು ಐಟಿಆರ್-1 ಆಗಬಹುದು. ಈ ವರ್ಷದಿಂದ ಈಕ್ವಿಟಿ ಫಂಡಿನ ದೀರ್ಘಾವಧಿ (ವರ್ಷ ದಾಟಿ ಮಾರಿದ) ಲಾಭ 1.25 ಲಕ್ಷದವರೆಗೆ ಇದ್ದರೆ ಐಟಿಆರ್-1ರಲ್ಲೇ ತೋರಿಸಲು ಬಿಟ್ಟಿದ್ದಾರೆ. ಅತ್ತೆಯವರದು ಐಟಿಆರ್-1.

ಅತ್ತೆಯವರ ಮತ್ತು ಯಜಮಾನರ ರಿಟರ್ನ್‌ಗೆ ಒಂದು ರೂಪಾಯಿಯೂ ಯಾರಿಗೂ ಕೊಡಬೇಡಿ. ಇಲಾಖೆಯ ಪೋರ್ಟಲ್‌ನಲ್ಲಿ ಮುಕ್ಕಾಲು ಭಾಗ ಮೊದಲೇ ತುಂಬಿರುತ್ತದೆ.

ರಾಜಾಜಿನಗರ ಬಾಯ್

@ಕುಡ್ಲ ಸಿಎ ಸಿಎಗಳೇ ದುಡ್ಡು ಕೊಡಬೇಡಿ ಅಂದರೆ ಹೇಗೆ ಸಾರ್ 😀

ಕುಡ್ಲ ಸಿಎ

ಐಟಿಆರ್-1 ಮಾಡಿ ನಮ್ಮ ಆಫೀಸ್ ಬಾಡಿಗೆ ಹುಟ್ಟುವುದಿಲ್ಲ ಮಾರಾಯ್ರೇ.

ನಿವೃತ್ತ ಮೇಷ್ಟ್ರು

ಹನ್ನೆರಡು ಲಕ್ಷದವರೆಗೆ ತೆರಿಗೆಯೇ ಇಲ್ಲ ಅಂತ ಬಜೆಟ್‌ನಲ್ಲಿ ಹೇಳಿದರಲ್ಲ. ಮತ್ತೆ ಅತ್ತೆಯವರು ಯಾಕೆ ರಿಟರ್ನ್ ಹಾಕಬೇಕು?

ಧಾರವಾಡ ಫೇಡೆ

ಸರ್, ಅದು ಏಪ್ರಿಲ್ 2025ರಿಂದ ಬರುವ ಆದಾಯಕ್ಕರೀ. ಈಗ ಹಾಕುತ್ತಿರುವುದು 2024-25ರ ಲೆಕ್ಕ. ಇದಕ್ಕೆ ಹೊಸ ಪದ್ಧತಿಯಲ್ಲಿ (ದರ ಕಡಿಮೆ, ವಿನಾಯಿತಿಯೂ ಕಡಿಮೆ) ತೆರಿಗೆ ಸೊನ್ನೆ ಮಾಡುವ ರಿಬೇಟ್ 7 ಲಕ್ಷದವರೆಗೆ ಮಾತ್ರ. ಇನ್ನೊಂದು, ತೆರಿಗೆ ಸೊನ್ನೆ ಆಗುವುದು ಬೇರೆ, ರಿಟರ್ನ್ ಹಾಕದೇ ಇರುವುದು ಬೇರೆ. ಬ್ಯಾಂಕಿನವರು ಎಫ್‌ಡಿ ಮೇಲೆ ಟಿಡಿಎಸ್ ಹಿಡಿದಿದ್ದರೆ ರಿಟರ್ನ್ ಹಾಕದೆ ಅದು ವಾಪಸ್ ಬರುವುದಿಲ್ಲ.

ಲೆಕ್ಕದ ಪುಸ್ತಕ

ಫ್ಯಾಮಿಲಿ ಪೆನ್ಷನ್ ಅಂದಿದ್ದಾರಲ್ಲ, ಅಲ್ಲೊಂದು ಎಚ್ಚರಿಕೆ. ಅದು ಸಂಬಳದ ಕಾಲಮ್ಮಿಗೆ ಹೋಗುವುದಿಲ್ಲ, ‘ಇತರ ಮೂಲ’ದಲ್ಲಿ ಬರುತ್ತದೆ. ಆದ್ದರಿಂದ ಸಂಬಳದವರಿಗೆ ನೇರವಾಗಿ ಕಳೆಯುವ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ. ಪೆನ್ಷನ್ನಿನ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅಷ್ಟು ಕಳೆಯಬಹುದು. ಹಳೇ ಪದ್ಧತಿಯಲ್ಲಿ ಆ ಮಿತಿ 15,000, ಆದರೆ ಹಿರಿಯ ನಾಗರಿಕರಾಗಿದ್ದರೆ ಬಡ್ಡಿಗೆ 50,000ದವರೆಗೆ 80ಟಿಟಿಬಿ ವಿನಾಯಿತಿ ಸಿಗುತ್ತದೆ. ಎರಡೂ ಪದ್ಧತಿಯಲ್ಲಿ ಹಾಕಿ ನೋಡಿ. ಇಲಾಖೆಯ ಸೈಟಿನಲ್ಲೇ ಅದಕ್ಕೆ ಕ್ಯಾಲ್ಕುಲೇಟರ್ ಇದೆ, ಲಾಗಿನ್ ಕೂಡ ಬೇಡ.

ಜಯನಗರದವಳು

ಇದು ಗೊತ್ತಿರಲಿಲ್ಲ, ಥ್ಯಾಂಕ್ಸ್. ಹಾಗಾದರೆ ನನ್ನ ಐಟಿಆರ್-2ಕ್ಕೆ? ಇಲಾಖೆಯ ಆಫ್‌ಲೈನ್ ಸಾಫ್ಟ್‌ವೇರ್ ಉಬುಂಟುವಿನಲ್ಲಿ ನಡೆಯುತ್ತದಾ?

ಟರ್ಮಿನಲ್ ಗಿರಾಕಿ

ಇಲ್ಲ. ಮೊದಲು ಇಲಾಖೆಯದೇ ಜಾವಾ ಯುಟಿಲಿಟಿ (ಆಫ್‌ಲೈನ್ ಸಾಫ್ಟ್‌ವೇರ್) ಇತ್ತು, ಲಿನಕ್ಸ್‌ನಲ್ಲಿ ಆರಾಮಾಗಿ ಓಡುತ್ತಿತ್ತು. 2021ರಲ್ಲಿ ಹೊಸ ಪೋರ್ಟಲ್ ಬಂದು, ಕಡತದ ಮಾದರಿ ಎಕ್ಸ್‌ಎಂಎಲ್‌ನಿಂದ ಜೆಸನ್‌ಗೆ ಬದಲಾದ ಮೇಲೆ ಅದನ್ನು ನಿಲ್ಲಿಸಿದರು. ಈಗಿನದು ವಿಂಡೋಸ್‌ಗೆ ಮಾತ್ರ. ಎಕ್ಸೆಲ್ ಯುಟಿಲಿಟಿಯಲ್ಲಿ ತುಂಬಾ ಮ್ಯಾಕ್ರೋ (ಎಕ್ಸೆಲ್‌ಗೆಂದೇ ಬರೆದ ಕಿರು ಪ್ರೋಗ್ರಾಂ), ಲಿಬ್ರೆಆಫೀಸ್‌ನಲ್ಲಿ ತೆರೆದು ಸಮಯ ಹಾಳು ಮಾಡಿಕೊಳ್ಳಬೇಡಿ.

ಆದರೆ ನಿಮಗೆ ಅದು ಬೇಕಾಗೇ ಇಲ್ಲ. ಐಟಿಆರ್-2 ಜುಲೈ 18ರಿಂದ ಆನ್‌ಲೈನ್‌ನಲ್ಲೇ ತುಂಬಬಹುದು. ಫೈರ್‌ಫಾಕ್ಸ್ ಸಾಕು. ಆಗಾಗ ಡ್ರಾಫ್ಟ್ ಸೇವ್ ಮಾಡುತ್ತಾ ಹೋಗಿ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಹೊರಗೆ ಹಾಕುತ್ತದೆ.

ಸುಮ್ನೆ ಓದ್ತಿದ್ದೆ

ಪೋರ್ಟಲ್‌ನಲ್ಲಿ ಕನ್ನಡ ಅಂತ ಆಯ್ಕೆ ಕಾಣುತ್ತದೆ. ಒತ್ತಿದರೆ ಮುಖಪುಟ ಕನ್ನಡ ಆಗುತ್ತದೆ, ಫಾರ್ಮ್ ತೆರೆದ ಕೂಡಲೇ ಮತ್ತೆ ಇಂಗ್ಲಿಷ್. ಯಾರಿಗೆ ಉಪಯೋಗ ಇದು?

ತೋಟದ ಮನೆ

@ಸುಮ್ನೆ ಓದ್ತಿದ್ದೆ ನಮ್ಮಪ್ಪನ ಹತ್ತಿರ ಇದೇ ಜಗಳ. ಪಿಎನ್‌ಬಿ, ಎಸ್‌ಬಿಐ ಪಾಸ್‌ಬುಕ್ ಓದುವ ಮನುಷ್ಯನಿಗೆ ‘ಶೆಡ್ಯೂಲ್ ಇಐ’ (ತೆರಿಗೆ ಇಲ್ಲದ ಆದಾಯದ ಪುಟ) ಅಂದರೆ ಏನು ಅಂತ ನಾನೇ ಕೂತು ಹೇಳಬೇಕು.

ಅಂದ ಹಾಗೆ ಅಡಿಕೆ ತೋಟ ಇರುವವರಿಗೆ ಒಂದು ಮಾತು. ಸಂಬಳದ ಜೊತೆ ಕೃಷಿ ಆದಾಯ 5,000 ದಾಟಿದರೆ ಐಟಿಆರ್-1 ಹಾಕುವಂತಿಲ್ಲ. ಕೃಷಿಗೆ ತೆರಿಗೆ ಇಲ್ಲ ನಿಜ, ಆದರೆ ಉಳಿದ ಆದಾಯದ ಸ್ಲ್ಯಾಬ್ ಲೆಕ್ಕಕ್ಕೆ ಅದನ್ನೂ ಸೇರಿಸುತ್ತಾರೆ. 5 ಲಕ್ಷ ದಾಟಿದರೆ ಜಮೀನಿನ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತದ್ದೋ ಗೇಣಿಯೋ, ನೀರಾವರಿಯೋ ಮಳೆಯಾಶ್ರಿತವೋ, ಎಲ್ಲ ಕೇಳುತ್ತದೆ. ನಾನು ನೋಡಿದ ಒಂದು ಖಾಸಗಿ ಸೈಟಿನಲ್ಲಿ ಈ ಕೃಷಿ ಆದಾಯದ ಕಾಲಮ್ ಎಲ್ಲೋ ಮೂಲೆಯಲ್ಲಿ ಅಡಗಿತ್ತು. ಊರಿನವರು ಯಾರೂ ಅದನ್ನು ಬಳಸುವುದಿಲ್ಲ ಅಂದುಕೊಂಡಿರಬೇಕು.

ಕೊಡಗಿನ ಕಾಫಿ

ನಿಮ್ಮದು ಅಡಿಕೆ, ಬಚಾವ್. ಕಾಫಿ ಬೆಳೆದು ಹಣ್ಣು ಹಾಗೇ ಮಾರಿದರೆ ಸರಿ. ನಾವೇ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹದ ಮಾಡುವುದು) ಮಾಡಿಸಿ ಮಾರಿದರೆ 25% ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ 40%. ಆದಾಯ ತೆರಿಗೆಯ ನಿಯಮ 7ಬಿ. ಆಗ ವ್ಯಾಪಾರದವರ ಫಾರ್ಮ್, ಐಟಿಆರ್-3. ‘ನೀವೇ ಮಾಡಿಕೊಳ್ಳಿ, ಬಲು ಸುಲಭ’ ಅನ್ನುವ ಯಾವ ಆ್ಯಪ್ ಕೂಡ ಇದನ್ನು ಕೇಳುವುದನ್ನು ನಾನು ನೋಡಿಲ್ಲ. ನಮಗೆ ಸಿಎ ಬೇಕೇ ಬೇಕು.

ಗೂಗಲ್ ಗೌಡ

ಜಯನಗರದವರೇ, ನನ್ನದೂ ನಿಮ್ಮದೇ ಕೇಸ್, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಆರ್‌ಎಸ್‌ಯು ನಿಮ್ಮ ಕೈಗೆ ಬಂದ ದಿನದ ಬೆಲೆ ಈಗಾಗಲೇ ಫಾರ್ಮ್ 16ರ ಸಂಬಳದಲ್ಲಿ ಸೇರಿರುತ್ತದೆ. ಅದೇ ನಿಮ್ಮ ಖರೀದಿ ಬೆಲೆ. ತೆರಿಗೆಗಾಗಿ ಕಂಪನಿ ಅದೇ ದಿನ ಮಾರಿದ ಷೇರುಗಳನ್ನೂ ಮಾರಾಟ ಅಂತಲೇ ತೋರಿಸಬೇಕು, ಲಾಭ ಸೊನ್ನೆಯ ಹತ್ತಿರ ಬಂದರೂ. ಉಳಿಸಿಕೊಂಡಿದ್ದನ್ನು 24 ತಿಂಗಳು ದಾಟಿ ಮಾರಿದರೆ ದೀರ್ಘಾವಧಿ.

ತಲೆ ತಿನ್ನುವುದು ಶೆಡ್ಯೂಲ್ ಎಫ್‌ಎ. ಅದಕ್ಕೆ ಏಪ್ರಿಲ್-ಮಾರ್ಚ್ ಲೆಕ್ಕ ಅಲ್ಲ, 2024ರ ಜನವರಿ 1ರಿಂದ ಡಿಸೆಂಬರ್ 31. ಷೇರು ಬಂದ ಒಂದೊಂದು ಕಂತಿಗೂ ಒಂದೊಂದು ಸಾಲು: ಬಂದ ದಿನದ ಬೆಲೆ, ವರ್ಷದಲ್ಲಿ ಅತಿ ಹೆಚ್ಚು ಆಗಿದ್ದ ಬೆಲೆ, ಡಿಸೆಂಬರ್ 31ರ ಬೆಲೆ, ಡಿವಿಡೆಂಡ್, ಮಾರಿದ ಹಣ. ಎಲ್ಲವೂ ರೂಪಾಯಿಯಲ್ಲಿ, ಎಸ್‌ಬಿಐ ಟಿಟಿ ಬೈಯಿಂಗ್ (ಡಾಲರ್ ಕೊಳ್ಳುವ) ದರದಲ್ಲಿ.

ಇಲ್ಲಿ ಮಾತ್ರ ದುಡ್ಡು ಕೊಡುವ ಸೈಟುಗಳಿಗೆ ಅರ್ಥ ಇದೆ. ಕೆಲವು ನಿಮ್ಮ ಬ್ರೋಕರ್ ಸ್ಟೇಟ್‌ಮೆಂಟ್ ತೆಗೆದುಕೊಂಡು ಸಾಲುಗಳನ್ನು ತಾವೇ ಮಾಡಿಕೊಡುತ್ತವೆ. ಕಂತು ಜಾಸ್ತಿ ಇದ್ದರೆ ಅದಕ್ಕೆ ಕೊಡುವ ಹಣ ವ್ಯರ್ಥ ಅಲ್ಲ. ನಾಲ್ಕಾರು ಕಂತು ಮಾತ್ರ ಇದ್ದರೆ ಕೈಯಲ್ಲೇ ತುಂಬಿ.

ಡಿವಿಡೆಂಡ್ ಬಂದಿದ್ದರೆ ಅಮೆರಿಕದಲ್ಲಿ 25% ತೆರಿಗೆ ಹಿಡಿದಿರುತ್ತಾರೆ. ಅದರ ಕ್ರೆಡಿಟ್ ಬೇಕಾದರೆ (ಅಂದರೆ ಇಲ್ಲಿನ ತೆರಿಗೆಯಲ್ಲಿ ಕಳೆಯಬೇಕಾದರೆ) ಫಾರ್ಮ್ 67 ಬೇರೆ ಹಾಕಬೇಕು. ಪೋರ್ಟಲ್‌ನಲ್ಲೇ ಇದೆ.

ರಾಜಾಜಿನಗರ ಬಾಯ್

ಹತ್ತು ಷೇರಿಗೆ ಇಷ್ಟೆಲ್ಲಾ ಯಾರು ಮಾಡುತ್ತಾರೆ ಗುರು. ಬಿಟ್ಟುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ?

ಕುಡ್ಲ ಸಿಎ

ಇಲಾಖೆಗೇ ಗೊತ್ತಾಗುತ್ತದೆ. ದೇಶ ದೇಶಗಳ ನಡುವೆ ಖಾತೆಗಳ ಮಾಹಿತಿ ಹಂಚಿಕೊಳ್ಳುವ ವ್ಯವಸ್ಥೆ ಇದೆ. ಎಫ್‌ಎ ತುಂಬದಿದ್ದರೆ ಕಪ್ಪುಹಣದ ಕಾಯ್ದೆಯಲ್ಲಿ ದಂಡ 10 ಲಕ್ಷ. 2024ರ ಅಕ್ಟೋಬರ್‌ನಿಂದ, ಸ್ಥಿರಾಸ್ತಿ ಬಿಟ್ಟು ಉಳಿದದ್ದು ಒಟ್ಟು 20 ಲಕ್ಷದೊಳಗಿದ್ದರೆ ಆ ದಂಡ ಇಲ್ಲ ಅಂತ ಮಾಡಿದ್ದಾರೆ. ಹಾಗಂತ ತುಂಬುವುದು ತಪ್ಪುವುದಿಲ್ಲ.

ಬೇ ಏರಿಯಾ ಕನ್ನಡಿಗ

ಇಲ್ಲಿ ಅಮೆರಿಕದಿಂದ ನೋಡಿದರೆ ಕನ್ನಡಿಯಲ್ಲಿ ನೋಡಿದ ಹಾಗೇ ಇದೆ. ನಮಗೆ ಇಂಡಿಯಾದ ಖಾತೆಗಳು ‘ವಿದೇಶಿ’. ಎಲ್ಲ ಸೇರಿ ವರ್ಷದಲ್ಲಿ ಒಮ್ಮೆಯಾದರೂ 10,000 ಡಾಲರ್ ದಾಟಿದರೆ ಎಫ್‌ಬಾರ್ ಅನ್ನುವ ವರದಿ ಹಾಕಬೇಕು. ಅದು ಇಲ್ಲಿನ ತೆರಿಗೆ ಸಾಫ್ಟ್‌ವೇರ್ ಟರ್ಬೋಟ್ಯಾಕ್ಸ್‌ನಲ್ಲಿ ಆಗುವುದಿಲ್ಲ, ಬೇರೆ ಸೈಟಿಗೆ ಹೋಗಬೇಕು. ಊರಲ್ಲಿ ಮ್ಯೂಚುವಲ್ ಫಂಡ್ ಇಟ್ಟವರಿಗೆ ಫಾರ್ಮ್ 8621 ಅಂತ ಒಂದು ಶನಿಕಾಟ. ಅದನ್ನೂ ಟರ್ಬೋಟ್ಯಾಕ್ಸ್ ಮಾಡಿಕೊಡುವುದಿಲ್ಲ. ಅಮ್ಮ ‘ನಿನ್ನ ಹೆಸರಲ್ಲೂ ಒಂದು ಎಸ್‌ಐಪಿ ಹಾಕಿದ್ದೇನೆ ಕಣೋ’ ಅಂದಾಗ ಖುಷಿ ಪಡಬೇಕೋ ಅಳಬೇಕೋ.

ಧಾರವಾಡ ಫೇಡೆ

ಅಳ್ರಿ. 8621 ಅಂದ್ರ ಅಳೂದ.

ಹನುಮಂತನಗರ ಹರಟೆ

ಮನೆ ಲೆಕ್ಕದ ಬಗ್ಗೆ ಯಾರೂ ಮಾತೇ ಆಡುತ್ತಿಲ್ಲವಲ್ಲ. ಟ್ಯಾಲಿ ಹಾಕಿಕೊಳ್ಳಿ. ನಮ್ಮ ಬೆಂಗಳೂರಿನ ಕಂಪನಿ, ಎಲ್ಲ ಬರುತ್ತದೆ ಅದರಲ್ಲಿ.

ಲೆಕ್ಕದ ಪುಸ್ತಕ

ಹಾಲು, ತರಕಾರಿ, ಕರೆಂಟ್ ಬಿಲ್‌ಗೆ ಟ್ಯಾಲಿಯಾ? ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಅಂಗಡಿ ಇದ್ದರೆ, ಜಿಎಸ್‌ಟಿ ಇದ್ದರೆ ಸರಿ. ಲೈಸೆನ್ಸ್ ದುಡ್ಡಿಗೆ ಮನೆಯ ದಿನಸಿ ಎಷ್ಟೋ ತಿಂಗಳು ಬರುತ್ತದೆ.

ಟರ್ಮಿನಲ್ ಗಿರಾಕಿ

ಉಬುಂಟು ಇದೆಯಲ್ಲ, ಗ್ನುಕ್ಯಾಶ್ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಹಾಕಿ. ಉಚಿತ, ಕಡತ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ಯಾವ ಕಂಪನಿಯೂ ಅದನ್ನು ಮುಚ್ಚಿಕೊಂಡು ಹೋಗಲಾರದು. ಬೇರೆ ಲೆಕ್ಕದ ಸಾಫ್ಟ್‌ವೇರ್‌ಗಳ ಗತಿ ನೋಡಿ. ಮೈಕ್ರೋಸಾಫ್ಟ್ ಮನಿ 2009ರಲ್ಲಿ ಮಾರಾಟ ನಿಲ್ಲಿಸಿತು. ಅಮೆರಿಕದ ಮಿಂಟ್ ಆ್ಯಪ್ 2024ರಲ್ಲಿ ಮುಚ್ಚಿತು. ಕ್ವಿಕ್‌ಬುಕ್ಸ್ 2023ರಲ್ಲಿ ಭಾರತದಿಂದ ಹೊರಟಿತು. ವರ್ಷಗಟ್ಟಲೆ ಲೆಕ್ಕ ಇಡುವ ಜಾಗ ಅಂದ ಮೇಲೆ ಇದನ್ನು ಮೊದಲು ಯೋಚಿಸಬೇಕು, ಬಣ್ಣದ ಚಾರ್ಟ್ ಆಮೇಲೆ.

ಪ್ರಿಫರೆನ್ಸಸ್‌ಗೆ ಹೋಗಿ ಅಕೌಂಟಿಂಗ್ ಅವಧಿಯನ್ನು ಏಪ್ರಿಲ್ 1ರಿಂದ ಮಾರ್ಚ್ 31 ಅಂತ ಮಾಡಿಕೊಳ್ಳಿ. ಬ್ಯಾಂಕ್ ಸ್ಟೇಟ್‌ಮೆಂಟನ್ನು ಸಿಎಸ್‌ವಿ ಕಡತವಾಗಿ ಇಳಿಸಿ ಒಳಗೆ ತನ್ನಿ. ಒಮ್ಮೆ ‘ಇದು ಬೆಸ್ಕಾಂ’ ಅಂತ ಹೇಳಿಕೊಟ್ಟರೆ ಮುಂದಿನ ಸಲ ಅದೇ ಗುರುತು ಹಿಡಿಯುತ್ತದೆ.

ಮಲ್ಲೇಶ್ವರ ಮಾಮಿ

ಗ್ನುಕ್ಯಾಶ್ ನಮ್ಮ ಮಗನೂ ಹಾಕಿಕೊಟ್ಟ. ಡೆಬಿಟ್ ಕ್ರೆಡಿಟ್ ಅಂತ ಪಾಠ ಶುರು ಮಾಡಿದ. ನಾನು ಹಳೇ ನೋಟ್‌ಬುಕ್ಕಿಗೇ ಹೋದೆ. ಎಡಗಡೆ ಜಮಾ, ಬಲಗಡೆ ಖರ್ಚು. ಕರೆಂಟ್ ಹೋದರೂ ತೆರೆಯುತ್ತದೆ.

ಟರ್ಮಿನಲ್ ಗಿರಾಕಿ

ಮಾಮಿ, ಎಡ ಬಲ ಬರೆಯುತ್ತೀರಲ್ಲ, ಅದೇ ಡೆಬಿಟ್ ಕ್ರೆಡಿಟ್!

ಮಲ್ಲೇಶ್ವರ ಮಾಮಿ

ಹಾಗಿದ್ದರೆ ಕಂಪ್ಯೂಟರ್ ಯಾಕಪ್ಪ?

ರಾಜಾಜಿನಗರ ಬಾಯ್

😂 ಮಾಮಿ ಗೆದ್ದರು

ಸುಮ್ನೆ ಓದ್ತಿದ್ದೆ

ಮೊಬೈಲ್ ಆ್ಯಪ್ ಯಾಕೆ ಬೇಡ? ಬ್ಯಾಂಕ್ ಎಸ್‌ಎಂಎಸ್ ಓದಿ ತಾನೇ ಖರ್ಚು ಬರೆದುಕೊಳ್ಳುತ್ತದೆ. ಯಾರೂ ತುಂಬುವುದೇ ಇಲ್ಲ ಅನ್ನುವ ಸಮಸ್ಯೆಗೆ ಅದೇ ಮದ್ದು ಅಲ್ವಾ?

ಟರ್ಮಿನಲ್ ಗಿರಾಕಿ

ಎಸ್‌ಎಂಎಸ್ ಓದುವ ಅನುಮತಿ ಕೊಟ್ಟರೆ ಒಟಿಪಿಯೂ ಅದರೊಳಗೇ ಬಂತು. ಆ್ಯಪ್ ಉಚಿತ, ಜಾಹೀರಾತಿಲ್ಲ, ಆದರೂ ‘ನಿಮಗೆ ಸಾಲ ಮಂಜೂರಾಗಿದೆ’ ಅಂತ ಬರುತ್ತದೆ. ಎಲ್ಲಿಂದ ಬಂತು ಅಂತ ಯೋಚಿಸಿ.

ಗೂಗಲ್ ಗೌಡ

ಅದಕ್ಕಿಂತ ಅಕೌಂಟ್ ಅಗ್ರಿಗೇಟರ್ (ಬ್ಯಾಂಕಿನ ಮಾಹಿತಿಯನ್ನು ಆ್ಯಪ್‌ಗೆ ತಲುಪಿಸುವ ಮಧ್ಯವರ್ತಿ) ಮೂಲಕ ಬರುವ ಆ್ಯಪ್ ವಾಸಿ. 2021ರ ಸೆಪ್ಟೆಂಬರ್‌ನಿಂದ ನಡೆಯುತ್ತಿದೆ, ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇರುವವರು ಮಾತ್ರ ನಡೆಸುತ್ತಾರೆ. ಯಾವ ಖಾತೆ, ಎಷ್ಟು ದಿನ, ಯಾವ ಕೆಲಸಕ್ಕೆ ಅಂತ ನೀವು ಒಪ್ಪಿಗೆ ಕೊಟ್ಟಷ್ಟೇ ಹೋಗುತ್ತದೆ, ಬೇಡ ಅನ್ನಿಸಿದರೆ ವಾಪಸ್ ತೆಗೆದುಕೊಳ್ಳಬಹುದು. ನಡುವಿನ ಅಗ್ರಿಗೇಟರ್‌ಗೆ ನಿಮ್ಮ ಮಾಹಿತಿ ಓದಲು ಬರುವುದಿಲ್ಲ. ಕೊನೆಯಲ್ಲಿ ಪಡೆಯುವ ಆ್ಯಪ್ ಓದುತ್ತದೆ, ಅದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಹನುಮಂತನಗರ ಹರಟೆ

ಯಾವುದೇ ಆ್ಯಪ್ ತಂದರೂ ಯುಪಿಐ ಅದನ್ನು ಸೋಲಿಸುತ್ತದೆ. ಸ್ಟೇಟ್‌ಮೆಂಟ್ ತೆಗೆದರೆ 15 ರೂಪಾಯಿ, 20 ರೂಪಾಯಿ, ಪಕ್ಕದಲ್ಲಿ ಉದ್ದ ನಂಬರ್, ಯಾರದೋ ಹೆಸರು. ಅದು ಸೊಪ್ಪಿನವಳೋ ಆಟೋದವನೋ ದೇವರಿಗೇ ಗೊತ್ತು.

ಧಾರವಾಡ ಫೇಡೆ

ಚಿಂತೆ ಬಿಡ್ರಿ, ನಿಮ್ಮ ಬೆಂಗಳೂರಾಗ ಈಗ ಅಂಗಡಿಯವರೇ ‘ನೋ ಯುಪಿಐ, ಕ್ಯಾಶ್ ಓನ್ಲಿ’ ಅಂತ ಬೋರ್ಡ್ ಹಾಕ್ಯಾರಲ್ಲ.

ಹನುಮಂತನಗರ ಹರಟೆ

ಅಯ್ಯೋ ಹೌದು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದ್ದೇ ಕಳಿಸಿದ್ದು, ನಮ್ಮ ಬೇಕರಿಯವನು ಕ್ಯೂಆರ್ ಕಿತ್ತು ಹಾಕಿದ.

ಕುಡ್ಲ ಸಿಎ

ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹಾಲು, ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬ್ಯಾಂಕಿಗೆ ಬಂದದ್ದೆಲ್ಲ ವ್ಯಾಪಾರವೂ ಅಲ್ಲ. ಮಗನಿಗೆ ಮಾವ ಕಳಿಸಿದ ಹಣವೂ ಅದೇ ಕ್ಯೂಆರ್‌ಗೆ ಬಂದಿರುತ್ತದೆ. ಲೆಕ್ಕ ಬರೆದಿಟ್ಟಿದ್ದರೆ ಉತ್ತರ ಕೊಡುವುದು ಸುಲಭ. ಆದರೆ ಇದು ಬೇರೆ ಚರ್ಚೆ, ಬೇರೆ ಕಡೆ ಶುರು ಮಾಡಿ.

ಲೆಕ್ಕದ ಪುಸ್ತಕ

ನನ್ನ ಉಪಾಯ: ಸಣ್ಣ ಯುಪಿಐಗೆಲ್ಲ ಒಂದೇ ಬೇರೆ ಖಾತೆ. ತಿಂಗಳಿಗೊಮ್ಮೆ ಅದಕ್ಕೆ ಒಂದು ಮೊತ್ತ ಹಾಕುತ್ತೇನೆ, ಲೆಕ್ಕದಲ್ಲಿ ‘ಚಿಲ್ಲರೆ’ ಅಂತ ಒಂದೇ ಸಾಲು. ಸೊಪ್ಪಿನ ಹೆಸರು ಬರೆದು ಏನು ಸಾಧಿಸಬೇಕು?

ಜಯನಗರದವಳು

ಇದು ಚೆನ್ನಾಗಿದೆ! ನಾಳೆಯಿಂದಲೇ ಶುರು. ಯಜಮಾನರ ಫಂಡ್ ಬಗ್ಗೆ ಇನ್ನೊಂದು ಪ್ರಶ್ನೆ. ಎಸ್‌ಐಪಿ (ತಿಂಗಳ ಕಂತು) ನಡೆಯುತ್ತಿದ್ದ ಫಂಡಿನಿಂದ ಅರ್ಧ ತೆಗೆದಿದ್ದಾರೆ. ಅದು ದೀರ್ಘಾವಧಿಯೋ ಅಲ್ಪಾವಧಿಯೋ?

ಕುಡ್ಲ ಸಿಎ

ಮೊದಲು ಕೊಂಡ ಯೂನಿಟ್ ಮೊದಲು ಹೋಗುತ್ತದೆ. ಅರ್ಧ ತೆಗೆದಿದ್ದರೆ ಬಹುಶಃ ಎಲ್ಲ ವರ್ಷ ದಾಟಿದ್ದವೇ. ಪೂರ್ತಿ ತೆಗೆದಿದ್ದರೆ ಕೊನೆಯ ಹನ್ನೆರಡು ಕಂತು ಅಲ್ಪಾವಧಿ ಆಗುತ್ತಿತ್ತು, ಐಟಿಆರ್-2 ಬೇಕಾಗುತ್ತಿತ್ತು. ಊಹೆ ಬೇಡ, ಫಂಡುಗಳ ದಾಖಲೆ ಇಡುವ ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಕಡೆಯಿಂದ ಕ್ಯಾಪಿಟಲ್ ಗೇನ್ಸ್ (ಮಾರಿದ ಲಾಭದ) ಸ್ಟೇಟ್‌ಮೆಂಟ್ ತರಿಸಿ, ಉಚಿತ. ಐಟಿಆರ್-2 ಆದರೆ 2024ರ ಜುಲೈ 23ರ ಹಿಂದೆ ಮಾರಿದ್ದು, ಆಮೇಲೆ ಮಾರಿದ್ದು ಬೇರೆ ಬೇರೆ ಹಾಕಬೇಕು. ದರ ಬದಲಾಗಿದ್ದು ಆ ದಿನ.

ನಮ್ಮೂರ್ ಬಾಡಿಗೆದಾರ

ಖಾಸಗಿ ಸೈಟ್ ಬಗ್ಗೆ ನನ್ನ ಅನುಭವ. ಹೆಸರು ಬೇಡ. ‘ಉಚಿತ’ ಅಂತ ಶುರು. ಎಲ್ಲ ತುಂಬಿ, ಕೊನೆಯ ಪುಟದಲ್ಲಿ ‘ನಿಮಗೆ ಬಂಡವಾಳ ಲಾಭ ಇದೆ, ದೊಡ್ಡ ಪ್ಲಾನ್ ತೆಗೆದುಕೊಳ್ಳಿ’ ಅಂತ ಬಂತು. ಅದಕ್ಕಿಂತ ಮಜಾ, ಮನೆ ಬಾಡಿಗೆಯ ಪುಟದಲ್ಲಿ ಬೆಂಗಳೂರು ಅಂತ ಬರೆದರೂ ‘ಮೆಟ್ರೋ ನಗರ’ ಅಂತ ಟಿಕ್ ಮಾಡಲು ಬಿಡುತ್ತದೆ. ಎಚ್‌ಆರ್‌ಎ (ಬಾಡಿಗೆ ಭತ್ಯೆ) ವಿನಾಯಿತಿಯ ಮಿತಿ ಸಂಬಳದ 50% ಅಂತ ಲೆಕ್ಕ ಹಾಕಿ ಖುಷಿ ಪಡಿಸುತ್ತದೆ.

ಸುಮ್ನೆ ಓದ್ತಿದ್ದೆ

ಬೆಂಗಳೂರು ಮೆಟ್ರೋ ಅಲ್ವಾ??

ನಮ್ಮೂರ್ ಬಾಡಿಗೆದಾರ

2024-25ರ ಲೆಕ್ಕದಲ್ಲಿ ಎಚ್‌ಆರ್‌ಎಗೆ ಅಲ್ಲ. ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ ಮಾತ್ರ. ನಮಗೆ 40%. ಇಲ್ಲಿನ ಬಾಡಿಗೆ ಕೊಟ್ಟು, ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಇದನ್ನು ಕೇಳಿದರೆ ಮೈ ಉರಿಯುತ್ತದೆ.

ರಾಜಾಜಿನಗರ ಬಾಯ್

ನಮ್ಮ ಆಫೀಸಲ್ಲಿ ಒಬ್ಬ ಏಜೆಂಟ್ ಎಲ್ಲರಿಗೂ ರೀಫಂಡ್ ತರಿಸಿಕೊಡುತ್ತಾನೆ, ಕಮಿಷನ್ ತೆಗೆದುಕೊಂಡು. ಯಾವುದೋ ಪಕ್ಷಕ್ಕೆ ದೇಣಿಗೆ ಅಂತ ತೋರಿಸುತ್ತಾನಂತೆ.

ಕುಡ್ಲ ಸಿಎ

ಅವನಿಂದ ದೂರ ಇರಿ. ಇಂಥದ್ದನ್ನೇ ಹುಡುಕಿಕೊಂಡು ಇಲಾಖೆ ಇದೇ ಜುಲೈ 14ರಂದು ದೇಶದಲ್ಲಿ 150 ಕಡೆ ಪರಿಶೀಲನೆ ಮಾಡಿದೆ. ಈ ವರ್ಷ ಫಾರ್ಮ್‌ನಲ್ಲೂ ಬಿಗಿ ಮಾಡಿದ್ದಾರೆ. ಆರೋಗ್ಯ ವಿಮೆಯ 80ಡಿ ವಿನಾಯಿತಿ ಹಾಕಿದರೆ ವಿಮಾ ಕಂಪನಿಯ ಹೆಸರು, ಪಾಲಿಸಿ ನಂಬರ್ ಕೇಳುತ್ತದೆ. ಏಜೆಂಟ್ ಹಾಕಿದರೂ, ಆ್ಯಪ್ ಹಾಕಿದರೂ ರಿಟರ್ನ್ ನಿಮ್ಮದೇ. ನೋಟಿಸ್ ಬರುವುದು ನಿಮ್ಮ ಹೆಸರಿಗೆ.

ರಾಜಾಜಿನಗರ ಬಾಯ್

ನಾನೇನೂ ಮಾಡಿಸಿಲ್ಲ ಸಾರ್, ಸುಮ್ನೆ ಹೇಳಿದೆ 🙏

ಗೂಗಲ್ ಗೌಡ

ಯಾವುದರಲ್ಲಿ ಹಾಕಿದರೂ ಮೊದಲು ಎಐಎಸ್ ಮತ್ತು 26ಎಎಸ್ (ನಿಮ್ಮ ಆದಾಯ, ಹಿಡಿದ ತೆರಿಗೆಯ ಬಗ್ಗೆ ಇಲಾಖೆ ಬಳಿ ಇರುವ ಪಟ್ಟಿಗಳು) ಇಳಿಸಿಕೊಂಡು ಪಕ್ಕದಲ್ಲಿಟ್ಟುಕೊಳ್ಳಿ. ಪೋರ್ಟಲ್ ತಾನೇ ತುಂಬಿದ್ದೆಲ್ಲ ಸರಿ ಅಂತ ನಂಬಬೇಡಿ. ಜಂಟಿ ಎಫ್‌ಡಿಯ ಪೂರ್ತಿ ಬಡ್ಡಿ ಮೊದಲ ಹೆಸರಿನವರಿಗೇ ಬಂದಿರುತ್ತದೆ. ತಪ್ಪಿದ್ದರೆ ಎಐಎಸ್‌ನಲ್ಲೇ ‘ಸರಿಯಿಲ್ಲ’ ಅಂತ ಉತ್ತರ ಹಾಕಬಹುದು.

ಜಯನಗರದವಳು

ಅತ್ತೆಯದು ಈಗಷ್ಟೇ ತೆಗೆದು ನೋಡಿದೆ. ಪುತ್ತೂರಿನ ಸೊಸೈಟಿಯ ಎಫ್‌ಡಿ ಎಐಎಸ್‌ನಲ್ಲಿ ಕಾಣುತ್ತಲೇ ಇಲ್ಲ! ಬ್ಯಾಂಕಿನದು ಮಾತ್ರ ಇದೆ.

ಕುಡ್ಲ ಸಿಎ

ಕಾಣದಿದ್ದರೂ ಸೇರಿಸಬೇಕು ಮೇಡಂ. ಸೊಸೈಟಿಯಿಂದ ಬಡ್ಡಿ ಸರ್ಟಿಫಿಕೇಟ್ ತರಿಸಿ.

ಜಯನಗರದವಳು

ಸರಿ. ಅತ್ತೆ ಮತ್ತು ಯಜಮಾನರದು ನಾನೇ ಪೋರ್ಟಲ್‌ನಲ್ಲಿ ಹಾಕುತ್ತೇನೆ. ನನ್ನದಕ್ಕೆ ಎಫ್‌ಎ ಸಾಲುಗಳನ್ನು ಮೊದಲು ಶೀಟಿನಲ್ಲಿ ಬರೆದು ನೋಡುತ್ತೇನೆ, ಕೈ ಮೀರಿದರೆ ದುಡ್ಡು ಕೊಡುತ್ತೇನೆ. ಗ್ನುಕ್ಯಾಶ್ ಇಳಿಸಿದ್ದೇನೆ, ಆದರೆ ಮಾಮಿಯ ನೋಟ್‌ಬುಕ್ ಕಡೆಗೂ ಮನಸ್ಸು ಎಳೆಯುತ್ತಿದೆ.

ನಿವೃತ್ತ ಮೇಷ್ಟ್ರು

ನಾನು ನಿನ್ನೆ ಹಾಕಿದೆ. ಆಧಾರ್‌ಗೆ ಜೋಡಿಸಿದ ಹಳೇ ಸಿಮ್ ಈಗ ಇಲ್ಲ, ಒಟಿಪಿ ಬರುವುದಿಲ್ಲ. ವೆರಿಫೈ ಹೇಗೆ?

ಲೆಕ್ಕದ ಪುಸ್ತಕ

ನೆಟ್ ಬ್ಯಾಂಕಿಂಗ್ ಇದ್ದರೆ ಅಲ್ಲಿಂದ ಪೋರ್ಟಲ್‌ಗೆ ಹೋಗಿ ಮಾಡಬಹುದು ಸರ್. ಅದೂ ಇಲ್ಲದಿದ್ದರೆ ಐಟಿಆರ್-ವಿ (ರಿಟರ್ನ್ ಹಾಕಿದ್ದಕ್ಕೆ ಬರುವ ರಸೀದಿ) ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಪೀಡ್ ಪೋಸ್ಟ್‌ನಲ್ಲಿ ಇಲಾಖೆಯ ಸಿಪಿಸಿ, ಬೆಂಗಳೂರು 560500 ಅಂತ ಕಳಿಸಿ. ರಿಟರ್ನ್ ಹಾಕಿದ 30 ದಿನದೊಳಗೆ ತಲುಪಬೇಕು. ಮೊದಲು 120 ದಿನ ಇತ್ತು, 2022ರ ಆಗಸ್ಟ್‌ನಲ್ಲಿ ಇಳಿಸಿದರು.

ನಿವೃತ್ತ ಮೇಷ್ಟ್ರು

ನೀಲಿ ಶಾಯಿಯಲ್ಲೇ ಸಹಿ ಮಾಡಬೇಕಾ?

ಲೆಕ್ಕದ ಪುಸ್ತಕ

ಮಾಡಿ ಸರ್. ಜೆರಾಕ್ಸ್ ಕಳಿಸಬೇಡಿ, ಮೂಲ ಪ್ರತಿಯೇ ಹೋಗಲಿ. ಪೋಸ್ಟ್ ರಸೀದಿ ಇಟ್ಟುಕೊಳ್ಳಿ.